46 ಮಕ್ಕಳು, 55 ಮೀಟರ್ ಅಂಗಳ, ನಾಲ್ಕು ತಿಂಗಳ ಮಳೆ: ಆಟದ ಪೀರಿಯಡ್ ಹೇಗೆ ನಡೆಸೋದು?

ಅಘನಾಶಿನಿ ದಂಡೆ
ಕುಮಟಾ ತಾಲೂಕಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪರವಾಗಿ ಕೇಳ್ತಾ ಇದ್ದೇನೆ. 1ರಿಂದ 7ನೇ ತರಗತಿ, ಒಟ್ಟು 46 ಮಕ್ಕಳು. ಮೂವರು ಶಿಕ್ಷಕರು, ದೈಹಿಕ ಶಿಕ್ಷಣಕ್ಕೆ ಅಂತ ಬೇರೆ ಯಾರೂ ಇಲ್ಲ. ಅಂಗಳದ ಉದ್ದ 55 ಮೀಟರ್, ಅಗಲ 32. ಕೆಂಪು ಗೊಚ್ಚು ಮಣ್ಣು. ಒಂದು ಬದಿ ಚಿರೆಕಲ್ಲಿನ ಕಂಪೌಂಡ್, ಇನ್ನೊಂದು ಬದಿ ಗಟಾರ. ಜೂನ್‌ನಿಂದ ಸೆಪ್ಟೆಂಬರ್ ತನಕ ನೀರು, ಆಮೇಲೆ ಪಾಚಿ.

ಜುಲೈ ಬಂತು ಅಂದ್ರೆ ವಲಯ ಮಟ್ಟದ ಕ್ರೀಡಾಕೂಟಕ್ಕೆ 12 ಮಕ್ಕಳನ್ನ ಆರಿಸಿ ಹದಿನೈದು ದಿನ ಅಭ್ಯಾಸ ಮಾಡಿಸ್ತಾರೆ. ಉಳಿದ 34 ಮಕ್ಕಳು ಜಗಲಿ ಮೇಲೆ ಕೂತು ನೋಡ್ತಾರೆ. ಕೂಟ ಮುಗಿದದ್ದೇ ಆಟದ ಪೀರಿಯಡ್ ಗಣಿತಕ್ಕೆ ಹೋಗ್ತದೆ. ಇದನ್ನ ಬದಲಾಯಿಸ್ಬೇಕು ಅಂತ ಈ ಸಲದ ಸಭೆಯಲ್ಲಿ ತೀರ್ಮಾನ ಆಗಿದೆ. ಇಷ್ಟು ಸಣ್ಣ ಅಂಗಳದಲ್ಲಿ ಟ್ರ್ಯಾಕ್ ಹಾಕೋಕೆ ಆಗ್ತದಾ? ಸಮಗ್ರ ಶಿಕ್ಷಾ ಯೋಜನೆಯಿಂದ ಬರೋ 10,000 ರೂಪಾಯಿ ಕ್ರೀಡಾ ಅನುದಾನದಲ್ಲಿ ಏನು ತರಬೇಕು? ಮಳೆಯ ದಿನ ತರಗತಿ ಒಳಗೆ ಏನು ಮಾಡಿಸಬಹುದು? ಬಲ್ಲವರು ದಯವಿಟ್ಟು ಅಳತೆ ಸಮೇತ ಹೇಳಿ.

ಸೀಟಿ ಮಾಸ್ತರು
ಟ್ರ್ಯಾಕ್ ಆಗ್ತದೆ. 200 ಮೀಟರಿನದ್ದು ಆಗೂದಿಲ್ಲ, ಅದಕ್ಕೆ ನಾಲ್ಕು ಲೇನ್ ಹಿಡಿದ್ರೆ ಹೆಚ್ಚುಕಡಿಮೆ 90 × 50 ಮೀಟರ್ ಜಾಗ ಬೇಕು. 100 ಮೀಟರಿನ ಟ್ರ್ಯಾಕ್ ನಿಮ್ಮ ಅಂಗಳಕ್ಕೆ ಸರಿಯಾಗಿ ಕೂರ್ತದೆ. ನೇರ ಭಾಗ 20 ಮೀಟರಿನದ್ದು ಎರಡು, ತಿರುವು ಎರಡು. ಎರಡೂ ನೇರ ಕೂಡಿದ್ರೆ 40, ಉಳಿದ 60 ಮೀಟರ್ ಎರಡು ಅರ್ಧವೃತ್ತಕ್ಕೆ. 60ನ್ನ 6.2832ರಿಂದ ಭಾಗಿಸಿದ್ರೆ ತ್ರಿಜ್ಯ 9.55 ಮೀಟರ್.

ಅಂಗಳದ ನಡುವೆ ಉದ್ದಕ್ಕೆ ಒಂದು ಗೆರೆ ಎಳೀರಿ. ಅದರ ಮೇಲೆ 20 ಮೀಟರ್ ಅಂತರಕ್ಕೆ ಎರಡು ಗೂಟ ಹೊಡೀರಿ. ಪ್ರತಿ ಗೂಟದಿಂದ ಹೊರಬದಿಗೆ ಒಂದೊಂದು ಅರ್ಧವೃತ್ತ ಎಳೆದು, ತುದಿಗಳನ್ನ ನೇರ ಗೆರೆಯಿಂದ ಕೂಡಿಸಿ. ಮುಗೀತು.

ಲೆಕ್ಕದ ಮಾಸ್ತರು
ಒಂದು ತಿದ್ದುಪಡಿ ಸರ್. 9.55 ಮೀಟರ್ ಅನ್ನೋದು ಓಡುವವರ ದಾರಿಯ ತ್ರಿಜ್ಯ, ಸುಣ್ಣದ ಗೆರೆಯದ್ದಲ್ಲ. ಮಗು ಗೆರೆ ಮೇಲೆ ಓಡೂದಿಲ್ಲ. ಬರೀ ಗೆರೆ ಎಳೆದ ಟ್ರ್ಯಾಕಿನಲ್ಲಿ ಒಳಗೆರೆಯಿಂದ 20 ಸೆಂ.ಮೀ. ಹೊರಗೆ ಅಳೀಬೇಕು. ಅಂಚಿಗೆ ಕಟ್ಟೆ ಇದ್ದರೆ 30 ಸೆಂ.ಮೀ. ಹಾಗಾಗಿ ನೀವು ಎಳೆಯಬೇಕಾದ ತ್ರಿಜ್ಯ 9.35. ಈ 20 ಸೆಂ.ಮೀ. ಲೆಕ್ಕಕ್ಕೆ ಹಿಡಿಯದಿದ್ದರೆ ಒಂದು ಸುತ್ತಿಗೆ 1.26 ಮೀಟರ್ ಹೆಚ್ಚಾಗ್ತದೆ, 600 ಮೀಟರ್ ಓಟಕ್ಕೆ ಆರು ಸುತ್ತು ಹಾಕುವಾಗ ಏಳೂವರೆ ಮೀಟರ್. ವಲಯದ ಸಮಯಕ್ಕೂ ಶಾಲೆಯ ಸಮಯಕ್ಕೂ ತಾಳೆ ಆಗದೇ ಇರೋದು ಎಷ್ಟೋ ಸಲ ಇದೇ ಕಾರಣಕ್ಕೆ.

ಎಳೆದಾದ ಮೇಲೆ ಪರೀಕ್ಷೆ ಮಾಡಿ. ಗೆರೆಯಿಂದ 20 ಸೆಂ.ಮೀ. ಹೊರಗೆ ಟೇಪನ್ನ ಸುತ್ತಲೂ ಹಾಸಿ ಅಳೆದರೆ 100 ಬರಬೇಕು.

ಸೀಟಿ ಮಾಸ್ತರು
ಸರಿ, ಒಪ್ಪಿದೆ. 9.35 ಅಂತಲೇ ಬರ್ಕೊಳ್ಳಿ. ನಾಲ್ಕು ಲೇನಿಗೆ 1.22 ಮೀಟರಿನಂತೆ ಹಿಡಿದ್ರೆ ಒಟ್ಟು ಅಗಲ 28.46, ಉದ್ದ 48.46. 32ರ ಅಗಲದಲ್ಲಿ ಎರಡೂ ಬದಿಗೆ ಒಂದೂಮುಕ್ಕಾಲು ಮೀಟರ್ ಉಳೀತದೆ. ಚಿರೆಕಲ್ಲಿನ ಗೋಡೆ ಬದಿಗೆ ಅದು ಸಾಕಾಗೂದಿಲ್ಲ. ಆ ಕಡೆ ಮೂರೇ ಲೇನ್ ಇಟ್ಕೊಳ್ಳಿ.

ಘಟ್ಟದ ಮೇಲೆ
ಹಗ್ಗದ ವಿಷಯ ಯಾರೂ ಹೇಳ್ಲಿಲ್ಲ. ನೈಲಾನ್ ಹಗ್ಗದಲ್ಲಿ ಅರ್ಧವೃತ್ತ ಎಳೀಬೇಡಿ, ಎಳೆದಂಗೆ ಹಿಗ್ಗತದೆ. ಕತ್ತದ ಹಗ್ಗ ಒದ್ದೆ ಆದ್ರೆ ಕುಗ್ಗತದೆ. ಕಟ್ಟಡದವರು ಸರಳು ಕಟ್ಟೋ ಬೈಂಡಿಂಗ್ ವೈರ್ ತಗೊಂಡು ಎರಡೂ ತುದಿಗೆ ಬಳೆ ಮಾಡಿ, ಬಳೆಯ ಒಳಅಂಚಿನಿಂದ ಒಳಅಂಚಿಗೆ 9.35 ಅಳೆದು ಇಟ್ಕೊಳ್ಳಿ. ಗೂಟ ಅಲುಗಾಡ್ಬಾರ್ದು, ಅದಕ್ಕೆ ಕಬ್ಬಿಣದ ಸರಳೇ ಒಳ್ಳೇದು.

ಮೂಲೆ ಕಟ್ಟಾಗಿ ಬರೋಕೆ 6-8-10ರ ತ್ರಿಕೋನ ಹಿಡೀರಿ. 3-4-5 ಅಂತ ಸಣ್ಣದಾಗಿ ಹಿಡಿದ್ರೆ ಒಂದು ಇಂಚಿನ ತಪ್ಪು ಆ ತುದಿಗೆ ಹೋಗೂದ್ರೊಳಗೆ ಒಂದು ಅಡಿ ಆಗಿರ್ತದೆ.

ಶರಾವತಿ ಅಕ್ಕೋರು
ಒಂದು ಸಂಶಯ. ಟ್ರ್ಯಾಕ್ ಸಣ್ಣದಾದ್ರೆ ಲೇನುಗಳ ನಡುವಿನ ಸ್ಟ್ಯಾಗರ್ (ಹೊರಲೇನಿನವರನ್ನ ಮುಂದೆ ನಿಲ್ಲಿಸೋ ಅಂತರ) ಕೂಡ ಸಣ್ಣದು ಮಾಡ್ಬೇಕಲ್ವಾ? ನಮ್ಮ ವಲಯದಲ್ಲಿ ಅರ್ಧ ಮಾಡ್ತಾರೆ.

ಲೆಕ್ಕದ ಮಾಸ್ತರು
ಇಲ್ಲ ಮೇಡಂ, ಅದು ದೊಡ್ಡ ತಪ್ಪು. ಒಂದು ಪೂರ್ತಿ ಸುತ್ತಿನ ಸ್ಟ್ಯಾಗರ್ ಲೇನಿನ ಅಗಲದ ಮೇಲೆ ನಿಂತಿದೆ, ತ್ರಿಜ್ಯದ ಮೇಲಲ್ಲ. 1.22 ಮೀಟರನ್ನ 6.2832ರಿಂದ ಗುಣಿಸಿ, ಪ್ರತಿ ಲೇನಿಗೆ 7.67 ಮೀಟರ್. 400 ಮೀಟರಿನ ಟ್ರ್ಯಾಕೇ ಇರಲಿ, 100 ಮೀಟರಿನದ್ದೇ ಇರಲಿ, ಒಂದು ಸುತ್ತಿಗೆ ಅಷ್ಟೇ. ಪುಸ್ತಕದಲ್ಲಿ ಎರಡನೇ ಲೇನಿಗೆ 7.04 ಅಂತ ಇರ್ತದೆ, ಅದು ಒಳಗೆ ಕಟ್ಟೆ ಇರುವ ಟ್ರ್ಯಾಕಿಗೆ. ಲೇನನ್ನ 1 ಮೀಟರ್ ಮಾಡಿದರೆ 6.28.

100 ಮೀಟರ್ ಟ್ರ್ಯಾಕಿನಲ್ಲಿ 200 ಮೀಟರ್ ಓಡಿಸಿದರೆ ಎರಡು ಸುತ್ತು, ಸ್ಟ್ಯಾಗರೂ ಎರಡು ಪಟ್ಟು. ನಾಲ್ಕನೇ ಲೇನಿನ ಮಗು 46 ಮೀಟರ್ ಮುಂದೆ ನಿಲ್ಲಬೇಕಾಗ್ತದೆ, ಮಕ್ಕಳಿಗೆ ಇದು ಅರ್ಥ ಆಗೂದೇ ಕಷ್ಟ. ಅಲ್ಲಿ ಸ್ಪರ್ಧೆ ಬೇಡ, ಇಬ್ಬಿಬ್ಬರನ್ನ ಎದುರುಬದುರು ನೇರದಿಂದ ಬಿಟ್ಟು ಸಮಯ ತೆಗೀರಿ.

ಕಾಳಿ ಸೇತುವೆ
50 ಮೀಟರ್ ಓಟಕ್ಕೆ ಏನು ಮಾಡ್ತೀರಿ? 55 ಮೀಟರ್ ಅಂಗಳದಲ್ಲಿ ಓಡಿದ ಮಗು ನಿಲ್ಲೋದು ಎಲ್ಲಿ?

ಸೀಟಿ ಮಾಸ್ತರು
ಮೂಲೆಯಿಂದ ಮೂಲೆಗೆ ಓಡಿಸಿ. 55ಕ್ಕೆ 32, ಕರ್ಣ 63 ಮೀಟರ್ ಮೇಲೆ ಬರ್ತದೆ. 50 ಓಟಕ್ಕೆ, 13 ನಿಲ್ಲೋಕೆ. ಕೊನೆಯ ಮೂಲೆಯಲ್ಲಿ ಬಾವಿ, ಧ್ವಜಕಟ್ಟೆ, ಕೈತೊಳೆಯೋ ನಲ್ಲಿಕಟ್ಟೆ ಇರಬಾರದು. ಮುಕ್ತಾಯದ ಗೆರೆಯಲ್ಲೇ ದಾರ ಹಿಡಿದು ನಿಲ್ಲಬೇಡಿ, ಮಕ್ಕಳು ದಾರ ಕಂಡು ನಿಧಾನ ಮಾಡ್ತಾರೆ. ಗೆರೆ ದಾಟಿ 5 ಮೀಟರ್ ಆಚೆ ಎರಡು ಕೋನ್ ಇಟ್ಟು 'ಕೋನ್ ತನಕ ಓಡು' ಅನ್ನಿ.

ಗಾಳಿಮರ
ಖೋಖೋಗೆ ಬೇರೆ ಜಾಗ ಹುಡುಕಬೇಡಿ. ಹಳೇ ಪುಸ್ತಕದಲ್ಲಿ ಅಂಕಣ 29 × 16 ಅಂತ ಇದೆ, ಈಗಿನದು 27 × 16. ಈ 100 ಮೀಟರ್ ಟ್ರ್ಯಾಕಿನ ಒಳಗೆ ಅದು ಪೂರ್ತಿ ಕೂರ್ತದೆ, ನಾಲ್ಕು ಮೂಲೆಯೂ ತಿರುವಿನ ಗೆರೆಯಿಂದ ಅರ್ಧ ಮೀಟರ್ ಒಳಗೇ ಬರ್ತದೆ. ಅಂಕಣದ ಸುತ್ತ ಬಿಡೋ ಲಾಬಿ ಮಾತ್ರ ಒಂದನೇ ಲೇನಿಗೆ ಚಾಚ್ತದೆ, ಎರಡನ್ನೂ ಒಟ್ಟಿಗೆ ಆಡಿಸದಿದ್ರೆ ಆಯ್ತು. 18.30 × 12.20ರ ಥ್ರೋಬಾಲ್ ಅಂಕಣವೂ, ಸಣ್ಣವರ 11 × 8ರ ಕಬಡ್ಡಿ ಅಂಕಣವೂ ಅದರೊಳಗೇ.

ಕಂಬಕ್ಕೆ ದುಡ್ಡು ಹಾಕಬೇಡಿ. ಕರಾವಳಿಯಲ್ಲಿ ಗಾಳಿಮರಕ್ಕೆ ಬರ ಇಲ್ಲ. 9ರಿಂದ 10 ಸೆಂ.ಮೀ. ದಪ್ಪದ ನೇರ ಕೊಂಬೆ, ನೆಲದ ಮೇಲೆ 120ರಿಂದ 125 ಸೆಂ.ಮೀ., ನೆಲದ ಒಳಗೆ ಕನಿಷ್ಠ 50. ಸಿಪ್ಪೆ ತೆಗೆದು ಎರಡು ವಾರ ನೆರಳಲ್ಲಿ ಒಣಗಿಸಿ. ಬಿಸಿಲಲ್ಲಿ ಒಣಗಿಸಿದ್ರೆ ಉದ್ದಕ್ಕೆ ಸೀಳ್ತದೆ, ಸೀಳಿನ ಚೂಪು ಅಂಚು ಕಂಬ ಹಿಡಿದು ತಿರುಗುವ ಮಗುವಿನ ಅಂಗೈ ಕೊಯ್ತದೆ. ತಲೆಯ ಅಂಚನ್ನ ಉಜ್ಜಿ ದುಂಡಗೆ ಮಾಡಿ. ನೆಲದೊಳಗೆ ಹೋಗುವ ಭಾಗವನ್ನ ಬೆಂಕಿಯಲ್ಲಿ ಮೇಲ್ಮೈ ಕಪ್ಪಾಗುವಷ್ಟು ಸುಟ್ಟು ಡಾಂಬರು ಬಳೀರಿ, ಗೆದ್ದಲು ಹತ್ತೂದಿಲ್ಲ. ಇನ್ನೂ ಒಳ್ಳೇದು ಅಂದ್ರೆ ನೆಲದಲ್ಲಿ ಅಳತೆಗೆ ಸರಿಯಾದ ಕಬ್ಬಿಣದ ಪೈಪ್ ತುಂಡು ಹೂತು, ಕಂಬವನ್ನ ಅದರೊಳಗೆ ಇಳಿಸೋದು. ಆಟ ಮುಗಿದ ಮೇಲೆ ಕಂಬ ತೆಗೆದು ಪೈಪಿಗೆ ಮುಚ್ಚಳ ಹಾಕಿ. ಮುಚ್ಚಳ ಹಾಕದಿದ್ರೆ ಒಂದನೇ ಕ್ಲಾಸಿನ ಮಗುವಿನ ಕಾಲು ಅದರೊಳಗೆ ಹೋಗ್ತದೆ.

ಯಲ್ಲಾಪುರ ಹಾದಿ
ಖೋಖೋದಲ್ಲಿ ಪ್ರಾಥಮಿಕ ಶಾಲೆ ಮಕ್ಕಳು ಅಂಕ ಕಳ್ಕೊಳ್ಳೋದು ಓಟದಲ್ಲಿ ಅಲ್ಲ, ಕೂರೋದ್ರಲ್ಲಿ. ಕೂತ ಮಗು 'ಖೋ' ಕೇಳುವ ಮೊದಲೇ ಎದ್ದರೆ ಫೌಲ್. ಎದ್ದ ಮೇಲೆ ನಡುಗೆರೆ ತುಳಿದ್ರೆ ಫೌಲ್. ಭುಜ ಒಂದು ಕಡೆ ತಿರುಗಿಸಿ ಓಟ ಇನ್ನೊಂದು ಕಡೆ ಹಿಡಿದ್ರೂ ಫೌಲ್. ಮೊದಲ ವಾರ ಅಟ್ಟಿಸೋದೇ ಬೇಡ. ಎಂಟು ಮಕ್ಕಳನ್ನ ಕೂರಿಸಿ, ಒಂದು ಕಾಲು ಮುಂದೆ, ಹಿಂದಿನ ಕಾಲಿನ ಹಿಮ್ಮಡಿ ಎತ್ತಿ, ಎರಡೂ ಪಾದ ಚೌಕದೊಳಗೆ. ಬೆನ್ನು ಮುಟ್ಟಿ 'ಖೋ', ಎದ್ದು ಮೂರು ಹೆಜ್ಜೆ, ವಾಪಸ್ ಬಂದು ಕೂರೋದು. ದಿನಕ್ಕೆ ಇಪ್ಪತ್ತು ಸಲ. ನೆಲ ಒದ್ದೆ ಇರೋ ದಿನ ಜಗಲಿ ಮೇಲೂ ಇದನ್ನ ಮಾಡಿಸಬಹುದು.

ಕಾಳಿ ಸೇತುವೆ
ಎಲ್ಲ ಸರಿ, ಆದ್ರೆ ಪ್ರಶ್ನೆ ಕೇಳಿದವರು 34 ಮಕ್ಕಳ ವಿಷಯ ಕೇಳಿದ್ದು. ನೀವೆಲ್ಲ ಮತ್ತೆ 12 ಮಕ್ಕಳ ತಂಡದ ಕಡೆಗೇ ಹೋದ್ರಿ.

ಶರಾವತಿ ಅಕ್ಕೋರು
ಕಾಳಿ ಸೇತುವೆಯವರು ಹೇಳಿದ್ದು ಸರಿ. ಮೂವರು ಶಿಕ್ಷಕರಿಗೆ 46 ಮಕ್ಕಳು ಅಂದ್ರೆ ತರಗತಿವಾರು ಆಟ ನಡೆಯೂದಿಲ್ಲ. ಮೂರು ಗುಂಪು ಮಾಡಿ: 1-3, 4-5, 6-7. ಇಡೀ ಶಾಲೆಗೆ ದಿನಾ ಒಂದೇ ಹೊತ್ತಿಗೆ 40 ನಿಮಿಷ. 6-7ರ ಮಕ್ಕಳಿಂದ ನಾಲ್ವರು ಸರದಿ ಮೇಲೆ ಸಣ್ಣವರ ಗುಂಪಿಗೆ ನಾಯಕರಾಗ್ಲಿ.

1-3ರವರಿಗೆ ಸ್ಪರ್ಧೆಯೇ ಬೇಡ. ಹಿಡಿಯೋದು, ಎಸೆಯೋದು, ಜಿಗಿಯೋದು, ಒಂಟಿಕಾಲಲ್ಲಿ ನಿಲ್ಲೋದು, ಉರುಳೋದು. ಫಿಟ್ ಇಂಡಿಯಾ ಪರೀಕ್ಷೆಯಲ್ಲೂ ಆ ವಯಸ್ಸಿಗೆ ಎತ್ತರ-ತೂಕ, ಒಂಟಿಕಾಲಿನ ಫ್ಲೆಮಿಂಗೋ ಸಮತೋಲ, ತಟ್ಟೆ ತಟ್ಟುವುದು ಇಷ್ಟೇ ಇರೋದು. ದೊಡ್ಡವರಿಗೆ 50 ಮೀಟರ್, 600 ಮೀಟರ್, ಕರ್ಲ್-ಅಪ್, ಪುಷ್-ಅಪ್, ಕೂತು ಮುಂದೆ ಬಾಗೋದು. ಈ ಪರೀಕ್ಷೆಯನ್ನ ಅಂಕಕ್ಕೆ ಅಂತ ನಡೆಸದೆ, ನವೆಂಬರದಲ್ಲಿ ಒಮ್ಮೆ, ಫೆಬ್ರುವರಿಯಲ್ಲಿ ಒಮ್ಮೆ ಬರೆದಿಡಿ. ಪ್ರತಿ ಮಗು ತನ್ನ ಹಳೇ ಸಂಖ್ಯೆಯ ಜೊತೆ ಹೋಲಿಸ್ಕೊಳ್ಳಲಿ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ಶಾಲೆಯ 40 ನಿಮಿಷವೂ ಗಣಿತಕ್ಕೆ ಹೋದ್ರೆ ಆ ಮಕ್ಕಳಿಗೆ ಎಲ್ಲಿಂದ ಸಿಗ್ಬೇಕು?

ಘಟ್ಟದ ಮೇಲೆ
ಸಮಯ ಯಾವಾಗ ಇಡ್ತೀರಿ ಅನ್ನೋದೂ ಮುಖ್ಯ. ಬಿಸಿಯೂಟ ಮುಗಿದ ತಕ್ಷಣದ ಪೀರಿಯಡ್ ಬೇಡವೇ ಬೇಡ, ಮಕ್ಕಳು ಪಕ್ಕೆ ಹಿಡ್ಕೊಂಡು ಕೂರ್ತಾರೆ. ಶಾಲೆ ಬಿಟ್ಟ ಮೇಲೆ ಅಂದ್ರೆ ಘಟ್ಟದ ಕಡೆ ಆಗೂದೇ ಇಲ್ಲ. ಸಂಜೆಯ ಬಸ್ಸು ತಪ್ಪಿದ್ರೆ ಹೆಣ್ಣುಮಕ್ಕಳು ಕಾಡಿನ ದಾರಿಯಲ್ಲಿ ಮೂರ್ನಾಲ್ಕು ಕಿಲೋಮೀಟರ್ ನಡೀಬೇಕು. 'ಅಭ್ಯಾಸಕ್ಕೆ ಬರೋದಿಲ್ಲ' ಅಂತ ಎಷ್ಟೋ ಒಳ್ಳೇ ಓಟಗಾರ್ತಿಯರ ಹೆಸರು ಪಟ್ಟಿಯಿಂದ ಬಿಟ್ಟು ಹೋಗೋದು ಇದಕ್ಕೇ. ಪ್ರಾರ್ಥನೆ ಮುಗಿದ ಕೂಡಲೆ ಮೊದಲ 40 ನಿಮಿಷ ಇಡಿ. ಬಿಸಿಲೂ ಇರೂದಿಲ್ಲ, ಹಾಲೂ ಅದಾದ ಮೇಲೇ ಕೊಡಬಹುದು.

ಕಡಲ ಮಗ
ಈ ಹಣೆಬರಹಕ್ಕೆಲ್ಲ ಮೂಲ ಕಾರ್ಯಕ್ರಮ ಪಟ್ಟಿ. ಜುಲೈ-ಆಗಸ್ಟಿನಲ್ಲಿ ಕಾರವಾರದಿಂದ ಭಟ್ಕಳದ ತನಕ ಧಾರಾಕಾರ ಮಳೆ. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಬೀಳುವ ಜಾಗ, ಅದರಲ್ಲಿ ಮುಕ್ಕಾಲುಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರಿನ ನಾಲ್ಕು ತಿಂಗಳಲ್ಲೇ. ಅದೇ ಹೊತ್ತಿಗೆ ವಲಯ, ತಾಲೂಕು ಕೂಟ! ಕೆಸರಲ್ಲಿ ರಿಲೇ ಓಡಿಸೋದು ಯಾವ ನ್ಯಾಯ?

ಸೀಟಿ ಮಾಸ್ತರು
ದಿನಾಂಕ ಹಿಂದಿನಿಂದ ಲೆಕ್ಕ ಹಾಕಿ ಬರ್ತದೆ. ರಾಷ್ಟ್ರಮಟ್ಟದ ಶಾಲಾ ಕೂಟಕ್ಕೆ ಮೊದಲು ರಾಜ್ಯ, ಅದಕ್ಕೆ ಮೊದಲು ವಿಭಾಗ, ಜಿಲ್ಲೆ, ತಾಲೂಕು, ವಲಯ. ನಾವು ಬೆಳಗಾವಿ ವಿಭಾಗದಲ್ಲಿ ಇರೋದು. ಗದಗ, ವಿಜಯಪುರ, ಬಾಗಲಕೋಟೆಯವರಿಗೆ ಆಗಸ್ಟ್ ಆಡೋಕೆ ಒಳ್ಳೇ ತಿಂಗಳು. ಅವರ ಜೊತೆ ಒಂದೇ ದಿನಾಂಕಕ್ಕೆ ನಾವೂ ತಂಡ ಕಳಿಸ್ಬೇಕು.

ಜಿಲ್ಲೆಯ ಒಳಗೆ ಮಾಡಬಹುದಾದದ್ದು ಇದೆ. ಕಾರವಾರ ಶೈಕ್ಷಣಿಕ ಜಿಲ್ಲೆಯ ಐದು ತಾಲೂಕಿಗೆ ಒಂದು ಪಟ್ಟಿ, ಶಿರಸಿ ಶೈಕ್ಷಣಿಕ ಜಿಲ್ಲೆಗೆ ಇನ್ನೊಂದು. ಜುಲೈನಲ್ಲಿ ಚದುರಂಗ, ಯೋಗಾಸನ. ಗುಂಪು ಆಟ ಆಗಸ್ಟ್ ಕೊನೆಗೆ. ಅಥ್ಲೆಟಿಕ್ಸ್ ಸೆಪ್ಟೆಂಬರಿನ ಮಳೆ ಬಿಡುವಿನಲ್ಲಿ, ಅದೂ ನೀರು ಬಸಿಯುವ ಮೈದಾನದಲ್ಲಿ. ಮೀಸಲು ದಿನಾಂಕ ಎರಡು ಮೊದಲೇ ಪ್ರಕಟಿಸ್ಬೇಕು. ಎಲ್ಲ ಎಸ್‌ಡಿಎಂಸಿಗಳೂ ಕೂಡಿ ಏಪ್ರಿಲ್‌ನಲ್ಲೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತ ಮನವಿ ಕೊಡಿ. ಜುಲೈನಲ್ಲಿ ಕೊಟ್ಟರೆ ಪಟ್ಟಿ ಅಚ್ಚಾಗಿರ್ತದೆ.

ಹಾಲಕ್ಕಿ ಬಯಲು
ಮಳೆಯ ದಿನದ್ದು ಯಾರಾದ್ರೂ ಸರಿಯಾಗಿ ಹೇಳಿ ಮಾರಾಯ್ರೆ. 'ತರಗತಿಯಲ್ಲಿ ಯೋಗ ಮಾಡಿಸಿ' ಅಂತ ಎಲ್ರೂ ಹೇಳ್ತಾರೆ, ಎರಡು ದಿನಕ್ಕೆ ಮಕ್ಕಳಿಗೆ ಬೇಜಾರು ಬರ್ತದೆ.

ಶರಾವತಿ ಅಕ್ಕೋರು
ಸಾಧಾರಣ 6 × 6 ಮೀಟರಿನ ಕೋಣೆ, 16 ಮಕ್ಕಳು ಅಂತ ಹಿಡೀತೇನೆ. ಬೆಂಚು ಗೋಡೆಗೆ ಸರಿಸಿ. ಮೊದಲು ಐದು ನಿಮಿಷ ನಿಂತಲ್ಲೇ ಓಟ, ಕೈ-ಸೊಂಟ ತಿರುಗಿಸೋದು. ಆಮೇಲೆ ನಾಲ್ಕು ಮೂಲೆಗೆ ನಾಲ್ಕು ಕೆಲಸ, ಮೂಲೆಗೆ ನಾಲ್ವರು, ಆರು ನಿಮಿಷಕ್ಕೊಮ್ಮೆ ಬದಲಿ.

ಒಂದನೇ ಮೂಲೆಯಲ್ಲಿ ನೆಲದ ಮೇಲೆ ಸೀಮೆಸುಣ್ಣದ ಏಣಿ, 40 ಸೆಂ.ಮೀ. ಚೌಕ ಎಂಟು. ಒಂದೊಂದು ಚೌಕಕ್ಕೆ ಎರಡೂ ಪಾದ ಇಟ್ಟು ಮುಂದೆ ಹೋಗೋದು, ಆಮೇಲೆ ಅಡ್ಡವಾಗಿ, ಆಮೇಲೆ ಒಂಟಿಕಾಲಲ್ಲಿ. ಎರಡನೆಯದರಲ್ಲಿ ಗೋಡೆಗೆ ಬೆನ್ನು ಒರಗಿಸಿ ಕುರ್ಚಿಯಂತೆ ಕೂರೋದು, 20 ಸೆಕೆಂಡ್ ಕೂತು 20 ಸೆಕೆಂಡ್ ಬಿಡುವು. ಮೂರನೆಯದರಲ್ಲಿ ಗೋಡೆಯ ಮೇಲೆ ಮಗುವಿನ ಎದೆಮಟ್ಟಕ್ಕೆ ವೃತ್ತ ಬರೆದು, 3 ಮೀಟರ್ ದೂರದಿಂದ ಸುತ್ತಿದ ಕಾಲುಚೀಲದಿಂದ ಗುರಿ, ಬಲಗೈ ಐದು, ಎಡಗೈ ಐದು. ನಾಲ್ಕನೆಯದು ಗೆರೆ ಮೇಲೆ ಕಣ್ಣು ಮುಚ್ಚಿ ಒಂಟಿಕಾಲ ನಿಲುವು, ಜೊತೆಗಾರ ಎಣಿಸ್ಬೇಕು. ಕೊನೆಗೆ ಐದು ನಿಮಿಷ ಉಸಿರು, ಮೈ ಚಾಚೋದು. ಬದಲಾಯಿಸೋ ಹೊತ್ತೂ ಸೇರಿ 37-38 ನಿಮಿಷ.

ಟೈಲ್ಸ್ ನೆಲ ಇದ್ದರೆ ನಿಂತಲ್ಲಿಂದ ಉದ್ದ ಜಿಗಿಯೋದು ಮಾತ್ರ ಬೇಡ. ಗೋಣಿಚೀಲ ಹಾಸಿದ್ರೆ ಇನ್ನೂ ಜಾರ್ತದೆ. ಮಳೆಯಲ್ಲಿ ಬಂದ ಮಕ್ಕಳ ಪಾದ ಮೊದಲು ಒರೆಸ್ಬೇಕು. ಪಕ್ಕದ ಕೋಣೆಯಲ್ಲಿ ಪಾಠ ಇದ್ರೆ ಸೀಟಿ ಊದಬೇಡಿ, ಕೈ ಎತ್ತಿದ್ರೆ ಬದಲಿ ಅಂತ ಅಭ್ಯಾಸ ಮಾಡಿಸಿ.

ಹಾಲಕ್ಕಿ ಬಯಲು
ಇದು ಬೇಕಾಗಿತ್ತು. ಧನ್ಯವಾದ ಅಕ್ಕೋರೆ.

ಗಾಳಿಮರ
10,000ದ ವಿಷಯಕ್ಕೆ ಬರೋಣ. ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000. ಒಂದೇ ಅಂಗಡಿಯ 'ಸ್ಪೋರ್ಟ್ಸ್ ಕಿಟ್' ತಗೋಬೇಡಿ. ಅದರಲ್ಲಿ ಒಂದು ಕ್ರಿಕೆಟ್ ಬ್ಯಾಟು, ಒಂದು ಫುಟ್‌ಬಾಲು, ಎರಡು ಶಟಲ್ ರ‍್ಯಾಕೆಟ್ಟು. ನಾಲ್ಕು ಮಕ್ಕಳು ಆಡ್ತಾರೆ, ಉಳಿದವರು ನೋಡ್ತಾರೆ. ಒಂದು ವಸ್ತು ಎಷ್ಟು ಕೈಗೆ ಕೆಲಸ ಕೊಡ್ತದೆ ಅಂತ ನೋಡಿ.

15 ಸ್ಕಿಪ್ಪಿಂಗ್ ಹಗ್ಗ. ಹಗ್ಗದ ನಡುವೆ ಮಗು ನಿಂತ್ರೆ ಹಿಡಿಕೆ ಕಂಕುಳಿಗೆ ಬರಬೇಕು. ಉದ್ದ ಇದ್ರೆ ಗಂಟು ಹಾಕಿ ಗಿಡ್ಡ ಮಾಡಿ. ಎಸೆದು ಹಿಡಿಯೋ ರಬ್ಬರಿನ ಟೆನ್ನಿಕಾಯಿಟ್ ರಿಂಗ್ 10. ಥ್ರೋಬಾಲ್ ಎರಡು, ಒಂದು ನೆಟ್, ಸಣ್ಣ ರಬ್ಬರ್ ಚೆಂಡು 20. ಫೈಬರ್ ಟೇಪ್ 30 ಮೀಟರಿನದ್ದು ಒಂದು, ಸ್ಟಾಪ್‌ವಾಚ್ ಎರಡು, ಸೀಟಿ ಮೂರು, ಪಂಪು, ಸೂಜಿ ಆರು. ಕೋನ್ ತರಬೇಡಿ, ಒಂದು ಲೀಟರ್ ನೀರಿನ ಬಾಟಲಿಗೆ ಕಾಲುಭಾಗ ಮರಳು ತುಂಬಿ.

ರಿಲೇ ಬ್ಯಾಟನ್ನೂ ತರಬೇಡಿ. ನೀರಾವರಿಗೆ ಹಾಕುವ 40 ಎಂಎಂ ಪಿವಿಸಿ ಪೈಪಿನ ಹೊರವ್ಯಾಸ ನಿಯಮ ಹೇಳುವ 40 ಎಂಎಂಗೆ ಸರಿಯಾಗ್ತದೆ. ಉದ್ದ 29 ಸೆಂ.ಮೀ. ಕತ್ತರಿಸಿ, ಅಂಚನ್ನ ಉಪ್ಪುಕಾಗದದಲ್ಲಿ ಉಜ್ಜಿ. 6 ಮೀಟರಿನ ಒಂದು ಪೈಪಿಗೆ 20 ಬ್ಯಾಟನ್. ಸುತ್ತಮುತ್ತಲಿನ ಐದು ಶಾಲೆಗೆ ಹಂಚಬಹುದು.

ಕಡಲ ಮಗ
ಸೂಜಿ ಆರು ಎಂತಕ್ಕೆ?

ಗಾಳಿಮರ
ಮುರಿಯೋದೇ ಅದು. ಒಣ ಸೂಜಿಯನ್ನ ತಿರುಚಿ ನುಗ್ಗಿಸಿದ್ರೆ ಒಂದೋ ಸೂಜಿ ಮುರೀತದೆ, ಇಲ್ಲ ವಾಲ್ವ್ ಹರೀತದೆ. ನೀರಲ್ಲಿ ಅದ್ದಿ ನೇರವಾಗಿ ಇಳಿಸ್ಬೇಕು. ಚೆಂಡನ್ನ ಕಲ್ಲಿನಂತೆ ಗಟ್ಟಿ ಮಾಡಬೇಡಿ, ಹೆಬ್ಬೆರಳಲ್ಲಿ ಒತ್ತಿದ್ರೆ ಒಂದು ಸೆಂ.ಮೀ. ತಗ್ಗಬೇಕು. ಗಟ್ಟಿ ಚೆಂಡು ಹಿಡಿದು ಬೆರಳು ಉಳುಕಿಸ್ಕೊಂಡ ಮಗು ಮತ್ತೆ ಹಿಡಿಯೋಕೆ ಕೈಯೇ ಚಾಚೂದಿಲ್ಲ. ಮಳೆಗಾಲಕ್ಕೆ ಚರ್ಮದ ಚೆಂಡು ಬೇಡ, ನೀರು ಕುಡಿದು ಭಾರ ಆಗ್ತದೆ. ಗುಂಡು, ಚಕ್ರದ ಅಂಚು, ನೆಟ್ಟಿನ ತಂತಿ ಇವಕ್ಕೆಲ್ಲ ಉಪ್ಪುಗಾಳಿಗೆ ತುಕ್ಕು. ತಿಂಗಳಿಗೊಮ್ಮೆ ತೆಂಗಿನೆಣ್ಣೆ ಬಟ್ಟೆಯಲ್ಲಿ ಒರೆಸಿಡಿ. ನೆಟ್ಟಿಗೆ ತಂತಿ ಬದಲು ನೈಲಾನ್ ಹಗ್ಗ ಪೋಣಿಸಿ.

ಅಂಕೋಲಾ ಶುಶ್ರೂಷಕಿ
ಸುಣ್ಣದ ಬಗ್ಗೆ ಎಚ್ಚರಿಕೆ. ನಮ್ಮ ಕಡೆ ಚಿಪ್ಪಿ ಸುಣ್ಣ ಸುಲಭಕ್ಕೆ ಸಿಗ್ತದೆ ಅಂತ ಸುಟ್ಟ ಚಿಪ್ಪಿಯನ್ನ ಪುಡಿ ಮಾಡಿ ಹಾಗೇ ಮೈದಾನಕ್ಕೆ ಹಾಕ್ತಾರೆ. ನೀರು ಹಾಕಿ ಅರಳಿಸದ ಸುಣ್ಣ ಬೆವರಿಗೆ ತಾಗಿದ್ರೂ ಸುಡ್ತದೆ. ಬರಿಗಾಲ ಮಕ್ಕಳ ಬೆರಳ ಸಂದಿಯಲ್ಲಿ ಹುಣ್ಣು, ಕಣ್ಣಿಗೆ ಹಾರಿದ್ರೆ ದೃಷ್ಟಿಗೇ ಅಪಾಯ. ಪೂರ್ತಿ ಅರಳಿಸಿ, ಆರಿಸಿ, ಜರಡಿ ಹಿಡಿದದ್ದನ್ನೇ ಹಾಕಿ. ಗೆರೆ ಹಾಕುವ ಕೆಲಸ ಮಕ್ಕಳಿಂದ ಮಾಡಿಸ್ಬೇಡಿ. ಕಣ್ಣಿಗೆ ಬಿದ್ರೆ ಉಜ್ಜದೆ, ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರನ್ನ ಕನಿಷ್ಠ 20 ನಿಮಿಷ ಹರಿಸ್ತಾ ಇರಿ. ಆಮೇಲೆ ನೇರ ಆಸ್ಪತ್ರೆ.

ಉಳುಕಿಗೆ ಎಣ್ಣೆ ಹಚ್ಚಿ ತಿಕ್ಕೋದು ನಿಲ್ಲಿಸಿ. ಮೀನು ಮಾರುಕಟ್ಟೆಯಲ್ಲಿ ಐಸ್ ಸಿಗ್ತದೆ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಟ್ಟೆ ಸುತ್ತಿ 15-20 ನಿಮಿಷ ಇಡಿ. ಮೂಗಲ್ಲಿ ರಕ್ತ ಬಂದ್ರೆ ತಲೆ ಹಿಂದಕ್ಕೆ ಬಾಗಿಸ್ಬಾರ್ದು. ಮುಂದಕ್ಕೆ ಬಾಗಿಸಿ, ಮೂಗಿನ ಮೆದು ಭಾಗ ಹತ್ತು ನಿಮಿಷ ಒತ್ತಿ ಹಿಡೀಬೇಕು. ಅಕ್ಟೋಬರದ ಮಧ್ಯಾಹ್ನ ಗುಡುಗು ಕೇಳಿದ ಕೂಡಲೆ ಮೈದಾನ ಖಾಲಿ. ಕೊನೆಯ ಗುಡುಗಾಗಿ 30 ನಿಮಿಷ ಕಳೆಯದೆ ಇಳೀಬಾರ್ದು.

ಘಟ್ಟದ ಮೇಲೆ
ಉಂಬಳದ (ಜಿಗಣೆ) ಬಗ್ಗೂ ಹೇಳಿ. ಶಿರಸಿ, ಸಿದ್ದಾಪುರದ ಕಡೆ ಮೈದಾನದ ಅಂಚಿಗೆ ಚೆಂಡು ಹೋದ್ರೆ ಸಾಕು.

ಅಂಕೋಲಾ ಶುಶ್ರೂಷಕಿ
ಕಿತ್ತು ತೆಗೀಬೇಡಿ. ಉಗುರಿನ ಅಂಚಿನಿಂದ ಸಣ್ಣ ಬಾಯಿಯ ಬದಿ ಮೊದಲು ಜಾರಿಸಿ ಬಿಡಿಸಿ, ಸೋಪುನೀರಲ್ಲಿ ತೊಳೆದು ಒತ್ತಿ ಹಿಡೀರಿ. ರಕ್ತ ನಿಧಾನಕ್ಕೆ ನಿಲ್ತದೆ, ಹೆದರಬೇಡಿ.

ಕುಡಿಯೋಕೆ ಬಣ್ಣದ ಪುಡಿಯ ನೀರು ಬೇಡ. ಪುಟ್ಟ ಮಕ್ಕಳಿಗೆ ನೀರೇ ಸಾಕು. ಕೂಟದ ದಿನ ಗಂಟೆಗಟ್ಟಲೆ ಬೆವರಿದವರಿಗೆ ಉಪ್ಪು ಹಾಕಿದ ಗಂಜಿತಿಳಿ, ಇಲ್ಲ ಮುರುಗಲು (ಕೋಕಂ) ಪಾನಕ. ವಾಂತಿಭೇದಿ ಆದ್ರೆ ಓಆರ್‌ಎಸ್ ಪೊಟ್ಟಣ. ಪೊಟ್ಟಣ ಇಲ್ಲದಿದ್ರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಕಡಲ ಮಗ
ಸಮುದ್ರ ಇಷ್ಟು ಹತ್ತಿರ ಇದ್ದು ಅಂಗಳದಲ್ಲಿ ಎಂತಕ್ಕೆ ಒದ್ದಾಡ್ತೀರಿ? ನವೆಂಬರದಿಂದ ಮೇ ತನಕ ದಂಡೆಗಿಂತ ಒಳ್ಳೇ ಮೈದಾನ ಬೇಕಾ? ಕರಾವಳಿ ಶಾಲೆಗಳಲ್ಲಿ ಮೊದಲು ಕಲಿಸ್ಬೇಕಾದ್ದು ಈಜು.

ಕಾಳಿ ಸೇತುವೆ
ಈಜು ಕಲಿಸೋದು ಹೊಳೆ-ಸಮುದ್ರದಲ್ಲಿ ಅಲ್ಲ. ತರಬೇತಾದ ರಕ್ಷಕ, ಆಳ ಗೊತ್ತಿರೋ ಕೊಳ, ಪಾಲಕರ ಒಪ್ಪಿಗೆ ಮೂರೂ ಇಲ್ಲದೆ ಶಾಲೆ ಹೆಸರಲ್ಲಿ ನೀರಿಗೆ ಇಳಿಸ್ಲೇಬಾರದು. ಮೊಣಕಾಲಷ್ಟು ನೀರಲ್ಲೂ ಹಿಂದಕ್ಕೆ ಎಳೆಯುವ ಅಲೆ ಸಣ್ಣ ಮಗುವನ್ನ ಬೀಳಿಸ್ತದೆ.

ಯಲ್ಲಾಪುರ ಹಾದಿ
ದಂಡೆಯಲ್ಲಿ ಓಟ ಬೇರೆ ಮಾತು, ಅದು ಆಗ್ತದೆ. ಇಳಿತ ಇದ್ದಾಗ ಒದ್ದೆ ಗಟ್ಟಿ ಮರಳಿನಲ್ಲಿ ಮಾತ್ರ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗ್ತದೆ, ಹಾಗಾಗಿ ವೇಳಾಪಟ್ಟಿಯ ಒಂದೇ ಪೀರಿಯಡ್‌ಗೆ ಅದು ಹೊಂದೂದಿಲ್ಲ. ತಿಂಗಳಿಗೆ ಎರಡು ಶನಿವಾರ ಇಟ್ಕೊಳ್ಳಿ. ದಂಡೆ ಓರೆ ಇರ್ತದೆ, ಒಂದೇ ದಿಕ್ಕಿಗೆ ಓಡಿದ್ರೆ ಕೆಳಬದಿಯ ಮೊಣಕಾಲಿಗೆ ನೋವು. ಹೋದಷ್ಟೇ ದೂರ ವಾಪಸ್ ಓಡಿಸಿ. ಗಾಜು, ಬಲೆಯ ತುಂಡು, ಗಾಳ ಇದೆಯಾ ಅಂತ ದೊಡ್ಡವರು ಮೊದಲು ನಡೆದು ನೋಡ್ಬೇಕು.

ಅಘನಾಶಿನಿ ದಂಡೆ
ಉದ್ದ ಜಿಗಿತದ ಗುಂಡಿಗೆ ದಂಡೆಯ ಮರಳು ತರಬಹುದಾ?

ಸೀಟಿ ಮಾಸ್ತರು
ಬೇಡ. ದಂಡೆಯ ಮರಳು ತುಂಬಿ ತರೋದಕ್ಕೆ ನಿರ್ಬಂಧ ಇದೆ. ಅದಲ್ಲದೆ ಉಪ್ಪಿನಂಶಕ್ಕೆ ತೇವ ಹೀರಿ ಗಟ್ಟಿ ಕೂರ್ತದೆ. ಪರವಾನಗಿ ಇದ್ದವರಿಂದ ಹೊಳೆ ಮರಳು ತಗೊಳ್ಳಿ. 6 ಮೀಟರ್ ಉದ್ದ, 2.75 ಅಗಲ, 30 ಸೆಂ.ಮೀ. ಆಳಕ್ಕೆ ಸುಮಾರು 5 ಘನ ಮೀಟರ್, ಅಂದ್ರೆ 175 ಘನ ಅಡಿ. ತಳದಲ್ಲಿ ಒಂದು ಸಾಲು ಜಲ್ಲಿ ಹಾಕಿ ಗಟಾರದ ಕಡೆ ಪೈಪ್ ಕೊಡಿ, ಇಲ್ಲದಿದ್ರೆ ಮಳೆಗಾಲದಲ್ಲಿ ಅದು ಕೆರೆ. ಅಂಚಿಗೆ ಚಿರೆಕಲ್ಲು ಕಟ್ಟಲೇಬೇಡಿ, ಅಡ್ಡಕ್ಕೆ ಬಿದ್ದ ಮಗುವಿನ ತಲೆಗೆ ತಾಗ್ತದೆ. ಜಿಗಿಯುವ ಮುನ್ನ ಪ್ರತಿ ಸಲ ಗುದ್ದಲಿಯಿಂದ ಮರಳು ಕೆದಕಿ, ಆಮೇಲೆ ಗುದ್ದಲಿಯನ್ನ ದೂರ ಇಡಿ. ರಾತ್ರಿ ತಾಡಪಾಲು ಮುಚ್ಚಿ, ನಾಯಿ-ಬೆಕ್ಕು ಹೊಲಸು ಮಾಡ್ತಾವೆ. ಪ್ರಾಥಮಿಕದವರಿಗೆ 40 ಮೀಟರ್ ಓಟದ ದಾರಿ ಬೇಕಾಗಿಲ್ಲ, 15-20 ಸಾಕು.

ಹಾಲಕ್ಕಿ ಬಯಲು
ಸ್ವಲ್ಪ ಬೇರೆ ವಿಷಯ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳಿಗೆ ಆಟಕ್ಕೆ ಅಂತ ಒಂದು ದೊಡ್ಡ ಯೋಜನೆ ಇತ್ತಲ್ಲ, ಅಂಥದ್ದು ಮತ್ತೆ ಬಂದ್ರೆ ಪ್ರತಿಭೆ ಸಿಗೂದಿಲ್ವಾ?

ಯಲ್ಲಾಪುರ ಹಾದಿ
ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಪ್ರದೇಶ ಕ್ರೀಡಾ ಯೋಜನೆ, 1987ರಲ್ಲಿ ಶುರುವಾದದ್ದು. ರಾಷ್ಟ್ರಮಟ್ಟದ ಓಟಗಾರರು ಬಂದರು, 1993ರಲ್ಲಿ ಸಿದ್ದಿಗಳ ಭಾಗ ನಿಂತಿತು. ಆರಿಸಿ ಹಾಸ್ಟೆಲಿಗೆ ಕರ್ಕೊಂಡು ಹೋದ ಮಕ್ಕಳಿಗೆ ಅವಕಾಶ ಸಿಕ್ತು, ಊರಿನ ಶಾಲೆಯ ಅಂಗಳಕ್ಕೆ ಚೆಂಡು ಬರ್ಲಿಲ್ಲ. ಎರಡೂ ಬೇಕು. ಆದ್ರೆ ಪ್ರಾಥಮಿಕ ಹಂತದಲ್ಲಿ ಹುಡುಕೋದಕ್ಕಿಂತ ಎಲ್ಲರನ್ನೂ ಆಡಿಸೋದು ಮೊದಲು. ಹತ್ತು ವರ್ಷದ ಮಗುವಿನ ಓಟ ನೋಡಿ ಹದಿನಾರಕ್ಕೆ ಹೇಗೆ ಓಡ್ತದೆ ಅಂತ ಹೇಳೋಕೆ ಯಾರಿಗೂ ಆಗೂದಿಲ್ಲ.

ಲೆಕ್ಕದ ಮಾಸ್ತರು
ದೈಹಿಕ ಶಿಕ್ಷಕರ ಹುದ್ದೆ ಕೇಳುವವರಿಗೆ: ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯಲ್ಲಿ 6-8ನೇ ತರಗತಿಗೆ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಅಂತ ಇದೆ. 46 ಮಕ್ಕಳ ಶಾಲೆಗೆ ಆ ದಾರಿಯಲ್ಲಿ ಸಿಗೂದಿಲ್ಲ. ಆದರೆ ಆಟದ ಮೈದಾನ ಮತ್ತು ತರಗತಿವಾರು ಆಟದ ಸಾಮಗ್ರಿ ಅದೇ ಅನುಸೂಚಿಯಲ್ಲಿ ಎಲ್ಲ ಶಾಲೆಗೂ ಇದೆ, ಮನವಿಯಲ್ಲಿ ಅದನ್ನ ಬರೀರಿ. ಕ್ಲಸ್ಟರಿನ ಐದು ಶಾಲೆಗೆ ವಾರಕ್ಕೊಂದು ದಿನ ಹತ್ತಿರದ ಪ್ರೌಢಶಾಲೆಯ ದೈಹಿಕ ಶಿಕ್ಷಕರು ಬರುವ ಹಾಗೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಕೇಳಿ.

ಅಘನಾಶಿನಿ ದಂಡೆ
ಎಲ್ಲರಿಗೂ ತುಂಬ ಉಪಕಾರ ಆಯ್ತು. ಬರೆದಿಟ್ಟುಕೊಂಡೆ. ಪ್ರಾರ್ಥನೆ ನಂತರ 40 ನಿಮಿಷ, ಮೂರು ಗುಂಪು. ಮಳೆ ಬಿಟ್ಟ ಕೂಡಲೆ 100 ಮೀಟರ್ ಟ್ರ್ಯಾಕ್. ಕೊನೆಯ ಪ್ರಶ್ನೆ: ನೀರು ನಿಲ್ಲೋ ಅಂಗಳಕ್ಕೆ ಮಣ್ಣು ಹಾಕ್ಬೇಕಾ?

ಘಟ್ಟದ ಮೇಲೆ
ಮಣ್ಣಿಗೆ ಮೊದಲು ಇಳಿಜಾರು ನೋಡಿ. ಮೀಟರಿಗೆ ಒಂದು ಸೆಂ.ಮೀ. ಸಾಕು, ನಿಮ್ಮ 32 ಮೀಟರಿಗೆ ಗೋಡೆ ಬದಿಯಿಂದ ಗಟಾರದ ಬದಿಗೆ 32 ಸೆಂ.ಮೀ. ಇಳಿಯಬೇಕು. ಪಾರದರ್ಶಕ ಪೈಪಿಗೆ ನೀರು ತುಂಬಿ ಮಟ್ಟ ಹಿಡಿದ್ರೆ ಗೊತ್ತಾಗ್ತದೆ. ಗುಡ್ಡದ ನೀರು ಒಳಗೆ ಬರ್ತಿದ್ರೆ ಮೇಲ್ಬದಿಗೆ ಒಂದು ಕಾಲುವೆ ತೋಡಿ. ರೋಲರ್ ಎಳೆಯೋದು ಅಕ್ಟೋಬರದಲ್ಲಿ, ಮಣ್ಣು ಇನ್ನೂ ಹಸಿ ಇರುವಾಗ. ನವೆಂಬರ ದಾಟಿದ್ರೆ ಗೊಚ್ಚು ಮಣ್ಣು ಕಲ್ಲಾಗ್ತದೆ, ರೋಲರ್ ಮೇಲೆ ಉರುಳಿ ಹೋಗ್ತದೆ ಅಷ್ಟೇ.

ಸೀಟಿ ಮಾಸ್ತರು
ಮತ್ತೆ ಆ ಎರಡು ಗೂಟದ ಜಾಗದಲ್ಲಿ ನೆಲಮಟ್ಟಕ್ಕೆ ಒಂದೊಂದು ಚಿರೆಕಲ್ಲು ಹೂತು, ನಡುವೆ ಸರಳು ಕೂರುವಷ್ಟು ತೂತು ಕೊರೆದಿಡಿ. ಮುಂದಿನ ವರ್ಷ ಪಾಚಿ ಕೆರೆದ ಮೇಲೆ ಟ್ರ್ಯಾಕ್ ಮತ್ತೆ ಎಳೆಯೋಕೆ ಅರ್ಧ ಗಂಟೆ ಸಾಕು.